ಪ್ರೊಬೇಷನ್ ಪೇಡೆ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಹಿಡಿ ಮುರಿದ ಕಾಫಿ ಮಗ್ಗಿನೊಳಗೆ, ಒಂದು ಇಂಕ್ ಪೆನ್ನಿದೆ. ಅದು ಬರೆಯುವುದಕ್ಕಿಂತ ಕಾರುವುದೇ ಹೆಚ್ಚು. ಮುಟ್ಟಿದವರ ಬೆರಳಿಗೆ ನೀಲಿ ಬೊಟ್ಟು ಇಟ್ಟೇ ತೀರುತ್ತದೆ. ಎಸೆಯಬಾರದೇ ಎಂದು ನೀವು ಕೇಳಬಹುದು. ಎಸೆಯುವ ಹಾಗಿಲ್ಲ ಮಾರಾಯರೇ, ಅದರ ಹಿಂದೆ ಎರಡು ಕಿಲೋ ಪೇಡೆಯ ಕಥೆಯಿದೆ.

ಕಾರುವ ಪೆನ್ನಿನ ಕಥೆ ಶುರುವಾದದ್ದೂ ಕಾರಿನಿಂದಲೇ. ಹೋದ ವರ್ಷ ನಾವು ಸಿಡ್ನಿಯ ಪ್ಯಾರಮಟ್ಟಾದಲ್ಲಿದ್ದಾಗ, ನನ್ನ ಹದಿನಾರು ವರ್ಷದ ಮಗಳು ಇಂಚರ ಗೆಳತಿಯರಿಬ್ಬರನ್ನು ಕೂರಿಸಿಕೊಂಡು, ಪಕ್ಕದ ಬೀದಿಯವರ ಕಾರನ್ನು ಹೇಳದೆ ಕೇಳದೆ ಓಡಿಸಿಕೊಂಡು ಹೋಗಿ, ಮೂರು ತಿರುವು ದಾಟಿಸಿ, ನಾಲ್ಕನೆಯದರಲ್ಲಿ ಯಾರದೋ ಬೇಲಿಗೆ ಗುದ್ದಿ ನಿಲ್ಲಿಸಿದಳು. ಯಾರಿಗೂ ಪೆಟ್ಟಾಗಲಿಲ್ಲ ಎನ್ನುವುದೊಂದೇ ಪುಣ್ಯ. ಅದಕ್ಕೆ ಮೊದಲೂ ಒಮ್ಮೆ ಪೊಲೀಸರು ಎಚ್ಚರಿಸಿ ಬಿಟ್ಟಿದ್ದರಿಂದ, ಮಕ್ಕಳ ನ್ಯಾಯಾಲಯ ಈ ಸಲ ಒಂದು ವರ್ಷದ ಪ್ರೊಬೇಷನ್ ಹಾಕಿತು. ಶಾಲೆ ತಪ್ಪಿಸಬಾರದು, ಆ ಗೆಳತಿಯರ ಸಹವಾಸ ಕೂಡದು, ಹದಿನೈದು ದಿನಕ್ಕೊಮ್ಮೆ ಆಫೀಸರ್ ಮುಂದೆ ಹಾಜರಾಗಬೇಕು. ಆಗ ನಾನು ಅತ್ತದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಕಾರುವುದಕ್ಕೆ ಪೆನ್ನೊಂದೇ ಸಾಕು.

ಮೈಸೂರಿನಲ್ಲಿ ಅಣ್ಣನ ಸಂಸಾರದೊಂದಿಗಿರುವ ನನ್ನ ಅಮ್ಮ, ಬ್ಯಾಂಕ್ ಆಫೀಸರ್ ಹೆಂಡತಿಯಾಗಿ ಹತ್ತಾರು ಊರು ಸುತ್ತಿದವಳು. ನಾನು ಅಣ್ಣನಿಗೆ ಫೋನಿನಲ್ಲಿ ದುಃಖ ತೋಡಿಕೊಳ್ಳುವಾಗ ಅವಳ ಕಿವಿಗೆ ಬಿದ್ದದ್ದು ಎರಡೇ ಮಾತು: ಇಂಚರ ಮತ್ತು ಪ್ರೊಬೇಷನ್. ನಮ್ಮ ಕಡೆ ಪ್ರೊಬೇಷನ್ ಎಂದರೆ ಇನ್ನೇನು ಹೇಳಿ? ಕೆಲಸ ಸಿಕ್ಕಿತು, ಕನ್ಫರ್ಮ್ ಆಗುವುದೊಂದು ಬಾಕಿ! ಆ ದೇಶದಲ್ಲಿ ಮಕ್ಕಳು ಓದುತ್ತಲೇ ದುಡಿಯುತ್ತಾರೆಂದು ಅವಳು ಕೇಳಿಯೂ ಇದ್ದಳು. ನಾನು ಬಾಯಿ ಬಿಡುವಷ್ಟರಲ್ಲಿ ಎರಡು ಕಿಲೋ ಪೇಡೆ ಬೀದಿಗೆಲ್ಲ ಹಂಚಿಯಾಗಿತ್ತು. ಮುಂದಿನ ವಾರ ಸಿಡ್ನಿಗೆ ಹೊರಟವರೊಬ್ಬರ ಕೈಯಲ್ಲಿ ಅಪ್ಪನ ಪೆನ್ನೂ ಬಂತು. ಅಪ್ಪ ಕೆಲಸಕ್ಕೆ ಸೇರಿದ ದಿನ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ ಪೆನ್ನದು. ಅಷ್ಟು ಸಂಭ್ರಮಪಟ್ಟವಳ ಎದುರು ನಿಜ ಹೇಳುವುದಕ್ಕೆ ನನಗೆ ಬಾಯಿಯೇ ಬರಲಿಲ್ಲ.

ಅಷ್ಟರಲ್ಲಿ ನನ್ನ ಗಂಡ ಮುರಳಿಗೆ ಪಕ್ಕದ ರಾಜ್ಯದ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿತು. ಮಗಳನ್ನು ಆ ಬೀದಿಯಿಂದ, ಆ ಸಹವಾಸದಿಂದ ಬಿಡಿಸಿಕೊಂಡು ಹೋಗಲು ದೇವರೇ ಬಾಗಿಲು ತೆರೆದನೆಂದು ನಾನು ಕುಣಿದೆ. ಆದರೆ ಪ್ರೊಬೇಷನ್‌ನಲ್ಲಿರುವ ಮಗು ರಾಜ್ಯ ಬಿಡಬೇಕಾದರೆ ಇಲ್ಲಿಯ ಆಫೀಸರ್ ಒಪ್ಪಬೇಕು, ಕಾಗದಗಳು ಅಲ್ಲಿಗೆ ಹೋಗಬೇಕು, ಅಲ್ಲಿಯವರೂ ಹೂಂ ಎನ್ನಬೇಕು. ಎನ್ನದಿದ್ದರೆ ಮುರಳಿ ಅಲ್ಲಿ, ನಾವಿಬ್ಬರು ಅದೇ ಬೀದಿಯಲ್ಲಿ. ಅಮ್ಮನ ಹತ್ತಿರ ಬಾಯಿ ತಪ್ಪಿ "ಟ್ರಾನ್ಸ್‌ಫರ್ ಆಗ್ಬೇಕು" ಎಂದುಬಿಟ್ಟೆ.

"ಪ್ರೊಬೇಷನ್‌ನಲ್ಲಿ ಟ್ರಾನ್ಸ್‌ಫರ್ ಅಷ್ಟು ಸುಲಭಕ್ಕೆ ಕೊಡಲ್ಲ ಕಣೇ," ಎಂದಳು ಅಮ್ಮ. "ಆಫೀಸರ್ ಹತ್ರ ಮರ್ಯಾದೆಯಾಗಿ ಒಂದು ಅರ್ಜಿ ಕೊಡಿ. ಎಲ್ಲಾದಕ್ಕೂ ಜೆರಾಕ್ಸ್ ಇಟ್ಕೊಳಿ."

ನೋಡಿದಿರಾ, ಒಂದಕ್ಷರವೂ ತಪ್ಪಿಲ್ಲ! ನಾನು ಅಮ್ಮನ ಮಾತಿನಂತೆಯೇ ನಡೆದೆ. ಮೆಲ್ಬರ್ನ್ ಶಾಲೆಯ ಪತ್ರ, ಅಲ್ಲಿನ ಕ್ರಾನ್‌ಬರ್ನ್‌ನ ಬಾಡಿಗೆ ಮನೆಯ ಕರಾರು, ಮುರಳಿಯ ಆಫರ್ ಲೆಟರ್, ಕೊನೆಗೆ ಇಂಚರಳ ಚುಚ್ಚುಮದ್ದಿನ ಚೀಟಿಯವರೆಗೆ ಎಲ್ಲವನ್ನೂ ಮೂರು ಮೂರು ಪ್ರತಿ ಮಾಡಿ, ಟ್ಯಾಗ್ ದಾರ ಕಟ್ಟಿ, ಆಫೀಸರ್ ಡೆಬ್ರಾ ಅವರ ಮೇಜಿನ ಮೇಲಿಟ್ಟೆ. ಆಕೆ ಮೊದಲು ಕಡತ ನೋಡಿದರು, ಆಮೇಲೆ ನನ್ನನ್ನು ನೋಡಿದರು, ಕೊನೆಗೆ ಚುಚ್ಚುಮದ್ದಿನ ಚೀಟಿಯನ್ನು ಮಾತ್ರ ವಾಪಸ್ ಕೊಟ್ಟರು. ಮೂರು ವಾರ ಕಾದೆವು. ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದಾಗ ಒಪ್ಪಿಗೆಯ ಮೇಲ್ ಬಂತು. ನುಗ್ಗೆಕಾಯಿಯನ್ನೇ ಕೋಲಾಟದ ಕೋಲು ಮಾಡಿಕೊಂಡೆನೆಂದು ಮಗಳು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಹೊರಟ ದಿನ ಹಿಂದಿನ ಸೀಟಿನಲ್ಲಿ ಕುಕ್ಕರು, ದೇವರ ಪೆಟ್ಟಿಗೆ, ನಡುವೆ ಇಂಚರ. ರಾಜ್ಯದ ಗಡಿಯ ನದಿ ಹತ್ತಿರವಾಗುತ್ತಿದ್ದಂತೆ ಅವಳು ಒಪ್ಪಿಗೆ ಪತ್ರವನ್ನು ಎದೆಗವಚಿಕೊಂಡು ಕೂತಳು. ತಡೆಯುವವರು ಯಾರೂ ಇರಲಿಲ್ಲ, ಸೇತುವೆ ದಾಟಿದ್ದೇ ಗೊತ್ತಾಗಲಿಲ್ಲ. ಆಚೆ ದಡದಲ್ಲಿ ಅವಳು ಉಸಿರು ಬಿಟ್ಟ ಸದ್ದು ಮುಂದಿನ ಸೀಟಿಗೂ ಕೇಳಿಸಿತು. ಇಷ್ಟು ದಿನ ಹೆದರಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ, ಎಂಥ ಪೆದ್ದಿ ನಾನು.

ಹೊಸ ಆಫೀಸರ್ ಮುಂದೆ ಮೊದಲ ಹಾಜರಿಯ ದಿನ ಮಗಳು ಅಜ್ಜನ ಪೆನ್ನನ್ನೇ ಒಯ್ದಿದ್ದಳು. ಅದು ತನ್ನ ಗುಣ ಬಿಡದೆ ಫಾರಂ ಮೇಲೆಲ್ಲ ಕಾರಿತು. ಯಾರ ಪೆನ್ನು ಎಂದು ಆತ ಕೇಳಿದ್ದೇ ತಡ, ಇವಳು ಪೇಡೆಯ ಕಥೆಯನ್ನೆಲ್ಲ ಹೇಳಿದಳು. ಆತ ಕಣ್ಣೊರೆಸಿಕೊಂಡು ನಕ್ಕರು. ಇವಳು ನಗಲಿಲ್ಲ. ಮನೆಗೆ ಬಂದವಳೇ ಅಜ್ಜಿಗೆ ಫೋನ್ ಹಚ್ಚಿಕೊಡು ಎಂದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಒಂದೊಂದೇ ಕನ್ನಡ ಪದ ಹೆಕ್ಕಿ ಜೋಡಿಸಿದಳು.

"ಅಜ್ಜಿ, ಅದು ಜಾಬ್ ಅಲ್ಲ. ನಾನು ಬೇರೆಯವರ ಕಾರ್ ಕೇಳ್ದೆ ತೊಗೊಂಡು ಹೋಗಿದ್ದೆ. ಕೋರ್ಟ್ ಕೊಟ್ಟಿರೋ ಪ್ರೊಬೇಷನ್ ಅದು."

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು, ಇನ್ನೊಂದು ಸಲ ಕೂಗಿತು.

"ಕನ್ಫರ್ಮ್ ಯಾವಾಗ?" ಎಂದಳು ಅಮ್ಮ.

"ಜೂನ್‌ನಲ್ಲಿ ಮುಗಿಯತ್ತೆ, ಅಜ್ಜಿ."

"ಹಂಚಿದ ಪೇಡೆ ವಾಪಸ್ ಕೇಳಕ್ಕಾಗಲ್ಲ ಮಗು. ನೀನು ಕನ್ಫರ್ಮ್ ಆಗ್ಲೇಬೇಕು."

ಅಷ್ಟು ಹೇಳಿ ಅಮ್ಮ ಅತ್ತಳು, ಇವಳೂ ಅತ್ತಳು, ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯಲಿಲ್ಲ.

ಈಗ ಹದಿನೈದು ದಿನಕ್ಕೊಮ್ಮೆ ಇಂಚರ ಆ ಪೆನ್ನಿಗೆ ತಾನೇ ಇಂಕು ತುಂಬಿ ಒಯ್ಯುತ್ತಾಳೆ, ನೀಲಿ ಬೆರಳು ತೋರಿಸಿಕೊಂಡು ವಾಪಸ್ ಬಂದು ಮಗ್ಗಿನಲ್ಲಿಡುತ್ತಾಳೆ. ಜೂನ್ ಬರಲಿ. ಕ್ರಾನ್‌ಬರ್ನ್‌ನ ನಮ್ಮ ಬೀದಿಗೆ ಎರಡು ಕಿಲೋ ಪೇಡೆಯನ್ನು ಈ ಸಲ ನಾನೇ ಹಂಚುತ್ತೇನೆ, ಯಾಕೆ ಎಂದು ಕೇಳಿದವರಿಗೆ ಯಾಕೆಂದೂ ಹೇಳುತ್ತೇನೆ.