ಹೆಪ್ಪಾಗದ ಪುಡಿ

ನನ್ನ ಕೈಯಿಂದ ಬಂದದ್ದೆಲ್ಲ ಅತ್ತೆಗೆ ವಿಷ. ಹಾಗಿದ್ದೂ ಅವರ ಸಕ್ಕರೆ ಕಾಯಿಲೆಯ ಗುಳಿಗೆ ತರುತ್ತಿದ್ದವಳು ನಾನೇ. ಎರಡು ಸಾವಿರನೇ ಇಸವಿಯ ಆಸುಪಾಸಿನ ಮಾತು. ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ, ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡಿ ಬರುತ್ತಿದ್ದೆ.

ಅಲ್ಲಿ ನಮ್ಮ ಸರ್ ಮೊಸರಿನ ಒಳ್ಳೆಯ ಕ್ರಿಮಿಗಳನ್ನು ಕಾಯಿಸಿ ಕೊಂದು, ಒಣಗಿಸಿ ಪುಡಿ ಮಾಡುತ್ತಿದ್ದರು. ಗುಳಿಗೆಯ ಜೊತೆಗೆ ಆ ಸತ್ತ ಕ್ರಿಮಿಗಳನ್ನೂ ತಿಂದರೆ ಸಕ್ಕರೆ ಹತೋಟಿಗೆ ಬರುತ್ತದೆಯೇ ಎಂಬುದು ಅವರ ಪರೀಕ್ಷೆ. ಅದಕ್ಕೆ ಅತ್ತೆಯ ಹೆಸರನ್ನೂ ಬರೆಸಿದೆ. ಗುಳಿಗೆ ಮಾತ್ರ ಬಿಡಬಾರದು ಎಂದು ಅಲ್ಲಿನ ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದರು. ನಾನು ಪುಡಿಯ ಪೊಟ್ಟಣ, ಗುಳಿಗೆ ಎರಡನ್ನೂ ಒಂದೇ ಸ್ಟೀಲ್ ಡಬ್ಬಿಯಲ್ಲಿಟ್ಟೆ.

ನಮ್ಮ ಓಣಿಯಲ್ಲಿ ಯಾರ ಮನೆಯ ಹೆಪ್ಪು ತೀರಿದರೂ ಬಟ್ಟಲು ಹಿಡಿದು ಬರುವುದು ಅತ್ತೆಯ ಬಾಗಿಲಿಗೆ. ಅಂಥ ಅತ್ತೆಗೆ ನಾನು ಪುಡಿಯ ಬಗ್ಗೆ ಹೇಳಿದ್ದರಲ್ಲಿ ಕಿವಿಗೆ ಬಿದ್ದದ್ದು ಮೊಸರಿನ ಕ್ರಿಮಿ ಎಂಬುದಷ್ಟೇ. ಒಂದು ಸಂಜೆ ಉಗುರುಬೆಚ್ಚಗಿನ ಹಾಲಿಗೆ ಒಂದು ಪೊಟ್ಟಣ ಸುರಿದು ಮುಚ್ಚಿಟ್ಟರು. ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಹೆಪ್ಪಿಗೆ ಬಂದ ಹೆಂಗಸರ ಮುಂದೆ ಆ ಪಾತ್ರೆ ಹಿಡಿದರು.

“ನೋಡ್ರಿ, ಇಕಿ ಕೈಯಾಗ ಹಾಲೂ ಹೆಪ್ಪ ಆಗಂಗಿಲ್ಲ, ಹೊಟ್ಟ್ಯಾಗ ಬಸರೂ ನಿಲ್ಲಂಗಿಲ್ಲ.”

ನನಗೆ ಎರಡು ಸಲ ಗರ್ಭ ಇಳಿದಿತ್ತು. ಹೆಂಗಸರು ನೆಲ ನೋಡಿದರು. ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ. ಬೇಕೆಂದೇ ಕೊಂದ ಕ್ರಿಮಿ, ಅದರಿಂದ ಹಾಲು ಹೆಪ್ಪಾಗುವುದಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಹಾಳಾಗಿ ಹೋಗಲಿ ಅನಿಸಿತು.

ಅವತ್ತೇ ಅತ್ತೆ ಇಡೀ ಡಬ್ಬಿಯನ್ನು ಹಿತ್ತಲ ತಿಪ್ಪೆಗೆ ಸುರಿದರು. ಸಗಣಿಯ ನಡುವೆ ಬಿಳಿ ಗುಳಿಗೆಗಳನ್ನು ಕಂಡೆ. ಮತ್ತೆ ತಂದು ತುಂಬಿಸಿದೆ, ಮತ್ತೆ ತಿಪ್ಪೆ ಸೇರಿದವು. ಅವ್ವ ಗುಳಿಗೆ ತಗೋತಾಳೇನು ಎಂದು ಗಂಡ ಕೇಳಿದಾಗ ಹೂಂ ಅಂದೆ. ಮುಚ್ಚಿಡುವುದೇಕೆ, ಆಗ ನನ್ನ ಹೊಟ್ಟೆ ತಣ್ಣಗಾಗಿತ್ತು.

ಮಳೆಗಾಲದಲ್ಲಿ ಅವರ ಕಾಲಿಗೆ ಮುಳ್ಳು ಚುಚ್ಚಿತು. ಗಾಯ ಮಾಯಲಿಲ್ಲ, ಕಪ್ಪಾಯಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ಮೊದಲು ಬೆರಳು, ಆಮೇಲೆ ಪಾದವನ್ನೇ ತೆಗೆದರು. ಅವರ ಹೇಲು ಉಚ್ಚೆ ಬಳಿಯಲು ಉಳಿದವಳು ನಾನೊಬ್ಬಳೇ.

ಒಂದು ಮಧ್ಯಾಹ್ನ ಮೊಸರನ್ನ ಕಲಸುತ್ತಿದ್ದೆ. ಅತ್ತೆ ಕೇಳಿದರು: “ಖರೇ ಹೇಳ. ಆ ಪುಡಿಗೆ ಹಾಲು ಹೆಪ್ಪ ಆಗಂಗಿಲ್ಲಂತ ನಿನಗ ಗೊತ್ತಿತ್ತೇನ?”

“ಗೊತ್ತಿತ್ರಿ, ಅತ್ತಿ.”

“ನಾ ಗುಳಿಗಿ ಚೆಲ್ಲಿದ್ದು?”

“ಅದೂ ಗೊತ್ತಿತ್ರಿ.”

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನಾನು ಅವರ ಬಾಯಿಗೆ ಹಿಡಿದ ತುತ್ತನ್ನು ನೋಡಿದರು.

“ಮೊದಲ ನೀ ತಿನ್ನ.”

ತಿಂದೆ. ಆಮೇಲೆ ಅವರು ಬದುಕಿದ್ದ ಆರು ವರ್ಷವೂ ಅವರ ಪ್ರತಿ ಊಟದ ಮೊದಲ ತುತ್ತನ್ನು ನಾನೇ ತಿಂದೆ.