ಕೆರೆಯಂಗಳದ ಏಳು ಕಲ್ಲುಗಳು

ಹೋದ ವಾರ ಕೋಲಾರದಿಂದ ಊರಿಗೆ ಹೊರಟಿದ್ದೆ. ಮುಳಬಾಗಿಲಿನ ಬಸ್ಸಿನಲ್ಲಿ ಒಬ್ಬ ಅಜ್ಜಿ ನನ್ನ ಪಕ್ಕ ಬಂದು ಕೂತರು. ಮೊಣಕಾಲಿಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡಿದ್ದರು. ಹಚ್ಚಿಕೊಂಡಿದ್ದರು ಅಂದರೆ ಸುಮ್ಮನೆ ಅಲ್ಲ, ಇಡೀ ಸೀಸೆಯನ್ನೇ ಸುರಿದುಕೊಂಡಂತಿತ್ತು. ಕಂಡಕ್ಟರ್ ಮೂಗು ಮುಚ್ಚಿಕೊಂಡು ಟಿಕೆಟ್ ಹರಿದ. ಮುಂದಿನ ಸೀಟಿನವರು ಕಿಟಕಿ ತೆರೆದರು. ನಾನು ಮಾತ್ರ ಕಣ್ಣೀರು ಒರೆಸಿಕೊಳ್ಳುತ್ತಾ ಕೂತಿದ್ದೆ. ಅಜ್ಜಿಗೆ ಗಾಬರಿಯಾಯಿತು. "ಯಾಕಮ್ಮಾ, ಕಣ್ಣುರೀತೈತಾ? ನಾನು ಆ ಕಡೆ ಕೂತ್ಕೊಳ್ಳಾ?" ಅಂದರು. "ಬೇಡಜ್ಜಿ, ಇಲ್ಲೇ ಇರಿ" ಅಂದೆ. ಹನ್ನೆರಡು ವರ್ಷದ ಹಿಂದೆ ಆ ವಾಸನೆ ಒಬ್ಬರ ಭುಜದ ಮೇಲಿತ್ತು...

ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರ ಭುಜ ಅದು. ಬೈರಕೂರಿನ ಕಡೆಯ ನಮ್ಮ ಊರಿಗೆ ಅವರು ಅತಿಥಿ ಶಿಕ್ಷಕರಾಗಿ ಬಂದಾಗ ನಾನು ಒಂಬತ್ತನೇ ಕ್ಲಾಸು. ಅವರು ಮಾಲೂರಿನ ಶಿವಾರಪಟ್ಟಣದವರು. ಮನೆಯವರೆಲ್ಲ ಕಲ್ಲು ಕೆತ್ತುವವರು. ಅಣ್ಣಂದಿರು ಕೂತು ದೇವರನ್ನು ಮಾಡುತ್ತಿದ್ದರೆ ಇವರು ಉಳಿ ಬಿಸಾಕಿ ಚೆಂಡು ಹಿಡಿದು ಓಡಿದವರು. ಬೆಂಗಳೂರಿನ ಯಾವುದೋ ತರಬೇತಿಯಲ್ಲಿ ರಗ್ಬಿ ಕಲಿತು, ಅಲ್ಲೇ ಬಿದ್ದು ಬಲ ಭುಜ ಕೆಡಿಸಿಕೊಂಡಿದ್ದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದಕ್ಕೆ ಎಣ್ಣೆ ಬೀಳಲೇಬೇಕು. ಅವರು ಬರುವ ಮೊದಲು ಅವರ ವಾಸನೆ ಕ್ಲಾಸಿಗೆ ಬಂದು ಹಾಜರಿ ಹಾಕುತ್ತಿತ್ತು.

ಮೊದಲ ದಿನ ಅವರು ಆ ಉದ್ದನೆಯ ಚೆಂಡು ತಂದಾಗ ನಾನು ಸುಮ್ಮನಿರಲಾರದೆ, "ಸಾರ್, ಇದು ಸೊಟ್ಟಗಾಗೈತೆ, ಅಂಗಡಿಯವನಿಗೆ ವಾಪಸ್ ಕೊಡಿ" ಅಂದಿದ್ದೆ. "ಲೇ, ಇದು ಹುಟ್ಟಿದ್ದೇ ಹಿಂಗೆ ಕಣೇ, ನಿನ್ನ ಥರ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವಾರವೇ ಏಳು ಹುಡುಗಿಯರ ತಂಡವಾಯಿತು. ಆಟಕ್ಕೆ ಬೇಕಾದಷ್ಟು ಸರಿಯಾಗಿ ಏಳೇ, ಎಂಟನೆಯವಳು ಸಿಗಲಿಲ್ಲ. ಆಡಲು ಜಾಗವೆಲ್ಲಿ? ಊರ ಕೆರೆಯಲ್ಲಿ ನೀರಿಲ್ಲದೆ ಎಷ್ಟೋ ವರ್ಷವಾಗಿತ್ತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಜಾಲಿ ಗಿಡ ಕಡಿದು, ಕೆರೆಯಂಗಳವನ್ನೇ ಮೈದಾನ ಮಾಡಿದರು. ಚೆಂಡು ಹಿಡಿದು ಮುಂದಕ್ಕೆ ಓಡಬೇಕು, ಆದರೆ ಕೊಡುವಾಗ ಹಿಂದಿರುವವಳಿಗೇ ಕೊಡಬೇಕು. ಈ ಒಂದು ಮಾತು ನಮ್ಮ ತಲೆಗೆ ಹೋಗಲು ಎರಡು ತಿಂಗಳು ಹಿಡಿಯಿತು.

ಅವರಿಗೊಂದು ಹುಚ್ಚಿತ್ತು. ಇಂಗ್ಲೆಂಡಿನಲ್ಲಿ ರಗ್ಬಿ ಲೀಗು ದರ್ಜೆ ದರ್ಜೆಯಾಗಿ ನಡೆಯುತ್ತದಂತೆ. ಮೊದಲನೇ ದರ್ಜೆಯನ್ನು ಲೋಕವೆಲ್ಲ ನೋಡುತ್ತದೆ. ಮೇಷ್ಟ್ರಿಗೆ ಅದು ಬೇಕಿರಲಿಲ್ಲ, ಅವರ ಪ್ರಾಣವೆಲ್ಲ ಎರಡನೇ ದರ್ಜೆಯ ಮೇಲೆ. ಅದರಲ್ಲಿ ಕಡಲ ಪಕ್ಕದ ಒಂದು ಚಿಕ್ಕ ಊರಿನ ತಂಡವನ್ನು "ನಮ್ಮೋರು" ಅನ್ನುತ್ತಿದ್ದರು. ಕಡಲನ್ನೇ ಕಾಣದ ಮನುಷ್ಯ! ಗಾಜು ಒಡೆದ ಅವರ ಫೋನಿನಲ್ಲಿ ಚಿತ್ರ ಓಡುತ್ತಿದ್ದುದಕ್ಕಿಂತ ನಿಲ್ಲುತ್ತಿದ್ದುದೇ ಹೆಚ್ಚು. ಸೋಮವಾರ ಪ್ರಾರ್ಥನೆ ಮುಗಿದದ್ದೇ ತಡ, "ನಮ್ಮೋರು ಗೆದ್ದರು ಕಣ್ರೇ" ಅಂತಲೋ, "ಅಯ್ಯೋ, ಕೊನೇ ಗಳಿಗೇಲಿ ಕೈಬಿಟ್ಟರು" ಅಂತಲೋ ವರದಿ. ಹೆಡ್ಮೇಷ್ಟ್ರು ಕೆಲವು ದಿನ ಅದು ಪಕ್ಕದ ಶ್ರೀನಿವಾಸಪುರದ ಕಬಡ್ಡಿ ತಂಡ ಅಂದುಕೊಂಡಿದ್ದರು.

"ಅಲ್ಲಿ ಎಷ್ಟೋ ಜನ ಹಗಲು ಕೆಲಸ ಮಾಡ್ತಾರೆ. ಒಬ್ಬ ಮೇಷ್ಟ್ರು, ಒಬ್ಬ ಬಡಗಿ. ಸಂಜೆ ಬಂದು ಪ್ರಾಕ್ಟೀಸು. ನೀವೂ ಹಂಗೇ ತಾನೇ? ಸೊಪ್ಪು ಕೊಯ್ದು, ದನ ಕಟ್ಟಿ ಬರ್ತೀರ" ಅನ್ನುತ್ತಿದ್ದರು. ಇನ್ನೊಂದು ವಿಷಯವನ್ನೂ ಅವರೇ ಹೇಳಿದ್ದು. ಆ ಎರಡನೇ ದರ್ಜೆಯಲ್ಲಿ ಎಲ್ಲರನ್ನೂ ಸೋಲಿಸಿ ಮೊದಲು ಬಂದರೂ, ಊರಿನ ಮೈದಾನದಲ್ಲಿ ಸಾಕಷ್ಟು ಆಸನ ಇಲ್ಲದಿದ್ದರೆ ಮೇಲಿನ ದರ್ಜೆಗೆ ಸೇರಿಸುವುದಿಲ್ಲವಂತೆ. ನನಗೆ ಮೈಯೆಲ್ಲ ಉರಿದುಹೋಯಿತು. "ಇದ್ಯಾವ ನ್ಯಾಯ ಸಾರ್?" ಅಂದೆ. "ನ್ಯಾಯ ಅಲ್ಲಮ್ಮ, ನಿಯಮ. ಅದಕ್ಕೇ ನಾವು ಮೊದಲೇ ಆಸನ ಹಾಕ್ಕೊಂಬಿಡೋಣ" ಅಂದರು.

ತಮಾಷೆ ಅಂದುಕೊಂಡೆವು. ಮುಂದಿನ ಭಾನುವಾರ ಶಿವಾರಪಟ್ಟಣದಿಂದ ಒಂದು ಟೆಂಪೋ ಬಂತು. ಅದರಲ್ಲಿ ಏಳು ಕಲ್ಲು. ಬಿರುಕು ಬಂದು ದೇವರಾಗಲು ಆಗದ ಚಪ್ಪಡಿಗಳನ್ನು ಅಣ್ಣಂದಿರ ಹತ್ತಿರ ಕೇಳಿ ತಂದಿದ್ದರು. ಒಂದರಲ್ಲಿ ಅರ್ಧ ಕೆತ್ತಿದ ನಂದಿಯ ಕಿವಿ ಇತ್ತು. ಅದರ ಮೇಲೆ ಹೇಗೆ ಕೂರುವುದು ಅಂತ ನಾವು ರಾಗ ಎಳೆದಾಗ ಅದನ್ನು ಮಗುಚಿ ಹಾಕಿದರು. ಕೆರೆ ಏರಿಯ ಒಳಮೈಗೆ, ಮೈದಾನ ಕಾಣುವಂತೆ, ಏಳನ್ನೂ ಸಾಲಾಗಿ ನೆಟ್ಟರು. ಭುಜದ ನೋವಿಗೆ ಆ ದಿನ ಎಷ್ಟು ಸೀಸೆ ಎಣ್ಣೆ ಹೋಯಿತೋ. "ಏಳು ಜನ ಆಡೋರು. ಏಳು ಮನೆಯಿಂದ ಒಬ್ಬೊಬ್ಬರು ಬಂದು ಕೂತು ನೋಡಿದರೆ ನಮ್ಮ ಗ್ಯಾಲರಿ ಫುಲ್ಲು" ಅಂದರು. ಆದರೆ ಯಾರೂ ಬಂದು ಕೂರಲಿಲ್ಲ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಕೂರುವ ಪುರುಸೊತ್ತು ಯಾರಿಗಿತ್ತು?

ಮರುವರ್ಷ ಶಾಲೆಗಳ ರಗ್ಬಿಯಲ್ಲೂ ಎರಡು ದರ್ಜೆ ಮಾಡಿದರು. ಮೊದಲನೆಯದು ಬೆಂಗಳೂರಿನ ದೊಡ್ಡ ಶಾಲೆಗಳದು, ಎರಡನೆಯದು ನಮ್ಮಂಥವರದು. ಮೇಷ್ಟ್ರ ಖುಷಿ ಹೇಳತೀರದು. ನಾವೇನು ಕಡಿಮೆಯೇ? ಬಿದ್ದೆವು, ಎದ್ದೆವು, ಮಂಡಿ ಕಿತ್ತುಕೊಂಡೆವು, ಫೈನಲ್ ತಲುಪಿದೆವು. ಭಾನುವಾರ ಕೋಲಾರದಲ್ಲಿ ಆಟ. ಗೆದ್ದರೆ ಮುಂದಿನ ವರ್ಷ ನಮ್ಮ ಶಾಲೆ ಮೊದಲನೇ ದರ್ಜೆಗೆ. ಹಾಗಾದರೆ ಮೇಷ್ಟ್ರನ್ನೂ ಇಲ್ಲೇ ಉಳಿಸಿಕೊಳ್ಳುತ್ತೇವೆ ಅಂತ ಶಾಲೆಯ ಸಮಿತಿಯವರು ಮಾತು ಕೊಟ್ಟಿದ್ದರು.

ಇನ್ನು ನನ್ನ ಘನಕಾರ್ಯ ಹೇಳುತ್ತೇನೆ.

ಅದೇ ವಾರ ನಮ್ಮ ಮನೆಯಲ್ಲಿ ಹುಳು ಕೊನೆಯ ಹಂತಕ್ಕೆ ಬಂದಿತ್ತು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಲು ಶುರು ಮಾಡುವುದಿತ್ತು. ಆಗ ಹುಳುಮನೆಯ ಮಡಿ ದೇವರ ಮನೆಗೂ ಇರುವುದಿಲ್ಲ. ಹೊರಗಿನವರು ಕಾಲಿಡಕೂಡದು, ಬೀಡಿ ಸೇದಕೂಡದು, ಮಲ್ಲಿಗೆ ಮುಡಿದು ಹೋಗಕೂಡದು, ಊದುಬತ್ತಿಯೂ ಕೂಡದು. ಘಾಟು ವಾಸನೆ ಹುಳುವಿಗೆ ಆಗುವುದಿಲ್ಲ ಅಂತ ನಮ್ಮ ಕಡೆಯವರ ನಂಬಿಕೆ. ಸೊಪ್ಪಿಗೂ ಒಂದು ಕಟ್ಟಳೆ ಇತ್ತು. ನಮ್ಮ ಹಿಪ್ಪುನೇರಳೆ ತೋಟದ ಪಕ್ಕ ಚಿಕ್ಕಪ್ಪನ ಟೊಮ್ಯಾಟೊ. ಅಲ್ಲಿ ಔಷಧಿ ಹೊಡೆದರೆ ಗಾಳಿಗೆ ನಮ್ಮ ಅಂಚಿನ ಸಾಲುಗಳ ಮೇಲೂ ಬೀಳುತ್ತದೆ, ಆ ಸೊಪ್ಪು ತಿಂದ ಹುಳು ಉಳಿಯುವುದಿಲ್ಲ. ಬುಧವಾರ ಅಪ್ಪ ನನ್ನನ್ನು ಕರೆದು, "ಚಿಕ್ಕಪ್ಪ ಇವತ್ತು ಔಷಧಿ ಹೊಡೆದವ್ನೆ. ಅಂಚಿನ ಎರಡು ಸಾಲು ಮುಟ್ಟಬೇಡ ಕಣೇ" ಅಂತ ಹೇಳಿದ್ದರು. ನಾನು ಹೂಂ ಅಂದಿದ್ದೆ.

ಗುರುವಾರ ಸಂಜೆ ಪ್ರಾಕ್ಟೀಸಿಗೆ ಹೊತ್ತಾಗಿತ್ತು. ಒಳಗಿನ ಸಾಲುಗಳಿಗೆ ಬೋರ್‌ವೆಲ್ ದಾಟಿ ಹೋಗಬೇಕು. ಅಂಚಿನ ಸಾಲು ದಾರಿಯಲ್ಲೇ, ಕೈಗೆ ಸಿಗುವಂತೆ, ತೊಳೆದಿಟ್ಟ ಹಾಗೆ ನಳನಳಿಸುತ್ತಿತ್ತು. ಒಂದೇ ಹೊರೆ ತಾನೇ ಅಂದುಕೊಂಡೆ. ಕೊಯ್ದೆ, ತಂದು ಹುಳುಮನೆಯಲ್ಲಿ ಹಾಕಿದೆ, ಕೆರೆಯಂಗಳಕ್ಕೆ ಓಡಿದೆ. ಅವತ್ತು ಎಷ್ಟು ಚೆನ್ನಾಗಿ ಆಡಿದೆನೆಂದರೆ ಮೇಷ್ಟ್ರು ಬೆನ್ನು ತಟ್ಟಿ, "ಭಾನುವಾರನೂ ಹಿಂಗೇ ಓಡು ಸಾಕು" ಅಂದರು.

ಆಟ ಮುಗಿಸಿ ಅವರು ನನ್ನ ಜೊತೆಗೇ ಮನೆಗೆ ಬಂದರು, ಭಾನುವಾರ ಕಳಿಸಿ ಅಂತ ಅಪ್ಪನನ್ನು ಕೇಳಲು. ಅಪ್ಪ ಹುಳುಮನೆಯೊಳಗಿದ್ದರು. ಮೇಷ್ಟ್ರಿಗೆ ನಮ್ಮ ಮಡಿ ಏನು ಗೊತ್ತು? ಕಲ್ಲಿನ ಊರಿನವರು. ಬಾಗಿಲಿನಿಂದ ತಲೆ ತೂರಿಸಿ, "ಅಬ್ಬಬ್ಬಾ, ಇಷ್ಟೊಂದು ಹುಳುನಾ ಯಜಮಾನ್ರೇ! ಮಳೆ ಬಂದಂಗೆ ಸದ್ದು ಮಾಡ್ತವಲ್ಲ!" ಅಂದರು. ಮೈತುಂಬಾ ನೀಲಗಿರಿ ಎಣ್ಣೆ. ಅಪ್ಪ ಬೇಗ ಬೇಗ ಹೊರಗೆ ಬಂದು, ಅವರನ್ನು ಜಗುಲಿಗೆ ಕರೆದುಕೊಂಡು ಹೋಗಿ, ಭಾನುವಾರ ಕಳಿಸುತ್ತೇನೆ ಅಂದರು.

ಶುಕ್ರವಾರ ಬೆಳಗ್ಗೆ ನಮ್ಮಜ್ಜಿಯ ಕೂಗಿಗೆ ಎಚ್ಚರವಾಯಿತು. "ಅಯ್ಯಯ್ಯೋ, ಪುರುಗುಲನ್ನೀ ಪೋಯ್ನಾಯೇ!" ಹುಳುವೆಲ್ಲ ಹೋಯಿತು ಅಂತ. ನಮ್ಮಜ್ಜಿಗೆ ದುಃಖ ಬಂದರೆ ತೆಲುಗೇ. ಹೋಗಿ ನೋಡಿದರೆ ಹುಳುಗಳು ತಲೆ ಎತ್ತಿ ಒದ್ದಾಡುತ್ತಾ, ಹಸಿರು ನೀರು ಕಾರುತ್ತಾ, ಮುದುಡಿ ಬಿದ್ದಿದ್ದವು. ಸೊಪ್ಪು ಮೇಯುವ ಆ ಮಳೆಯ ಸದ್ದು ನಿಂತಿತ್ತು. ಕಾರಣ ನನಗೆ ನೋಡಿದ ತಕ್ಷಣವೇ ಗೊತ್ತಾಯಿತು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅಪ್ಪ, "ಆ ಮೇಷ್ಟ್ರ ಎಣ್ಣೆ" ಅಂದರು. ತೆರೆದ ಬಾಯಿ ಮುಚ್ಚಿದೆ. ಮುಚ್ಚಿದ್ದು ಮುಚ್ಚಿಯೇ ಹೋಯಿತು.

ಮಧ್ಯಾಹ್ನದೊಳಗೆ ಊರೆಲ್ಲ ನಮ್ಮ ಜಗುಲಿಯಲ್ಲಿ. ಮೇಷ್ಟ್ರನ್ನು ಕರೆಸಿದರು. ಹೆಣ್ಣುಮಕ್ಕಳಿಗೆ ಎಂಥ ಆಟ ಅಂತ ಮೊದಲೇ ಗೊಣಗುತ್ತಿದ್ದವರಿಗೆ ಹಬ್ಬವಾಯಿತು. ಮೇಷ್ಟ್ರು ವಾದ ಮಾಡುತ್ತಾರೆ, ಜಗಳವಾಡುತ್ತಾರೆ ಅಂದುಕೊಂಡಿದ್ದೆ. ಅವರು ಸತ್ತ ಹುಳುಗಳ ತಟ್ಟೆಯನ್ನು ನೋಡುತ್ತಾ ನಿಂತು, ಕೈ ಮುಗಿದು, "ನನಗೆ ಗೊತ್ತಿರಲಿಲ್ಲ ಯಜಮಾನ್ರೇ, ತಪ್ಪಾಯ್ತು" ಅಂದರು. ಅವರು ಅದನ್ನು ನಂಬಿದರು! ಅದೇ ನನ್ನನ್ನು ಇವತ್ತಿಗೂ ಕೊಲ್ಲುವುದು. ನಾನು ಕಂಬದ ಹಿಂದೆ ಅಮ್ಮನ ಸೆರಗು ಹಿಡಿದು ನಿಂತಿದ್ದೆ. ಹತ್ತು ಹೆಜ್ಜೆ ದೂರ. ಮೈದಾನದಲ್ಲಿ ಯಾರ ಮೇಲೆ ಬೇಕಾದರೂ ನುಗ್ಗುತ್ತಿದ್ದ ನನಗೆ ಆ ಹತ್ತು ಹೆಜ್ಜೆ ಇಡಲಾಗಲಿಲ್ಲ.

ಭಾನುವಾರ ನಮ್ಮ ತಂಡ ಹೋಗಲಿಲ್ಲ. ಯಾವ ಮನೆಯವರೂ ಹುಡುಗಿಯನ್ನು ಕಳಿಸಲಿಲ್ಲ. ಆಡದೆಯೇ ಸೋತೆವು. ತಿಂಗಳೊಳಗೆ ಮೇಷ್ಟ್ರು ಬೇಡ ಅಂತ ಸಮಿತಿಯಲ್ಲಿ ತೀರ್ಮಾನವಾಯಿತು. ಹೊರಡುವ ದಿನ ಅವರು ಶಾಲೆಯ ಗೇಟಿನ ಹತ್ತಿರ ನನ್ನನ್ನು ಕಂಡು ನಿಂತರು. "ನಿಮ್ಮನೆಗೆ ನನ್ನಿಂದ ಅನ್ಯಾಯ ಆಯ್ತಮ್ಮ. ನಿನ್ನ ಆಟಾನೂ ಹೋಯ್ತು" ಅಂದರು. ಆಗಲಾದರೂ ಹೇಳಬಹುದಿತ್ತು. ಗೇಟಿನ ಹತ್ತಿರ ಬೇರೆ ಯಾರೂ ಇರಲಿಲ್ಲ... ನಾನು ತಲೆ ಬಗ್ಗಿಸಿ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತಾ ನಿಂತೆ. ಬಸ್ಸು ಬಂತು, ಹತ್ತಿದರು. ಅವರ ಹತ್ತಿರ ಆ ವಾಸನೆ ಇರಲಿಲ್ಲ.

ಆಮೇಲೆ ನಾನು ಓದಿದೆ, ಕೋಲಾರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ, ಮದುವೆಯೂ ಆಯಿತು. ಮುಂದಿನ ತಿಂಗಳು ಶಿವಾರಪಟ್ಟಣಕ್ಕೆ ಹೋಗಿ ಹೇಳಿಬಿಡುತ್ತೇನೆ ಅಂತ ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ. ಕೋಲಾರದಿಂದ ಅದೇನು ಕಾಶಿಯೇ? ಹೋದ ವರ್ಷ ನಮ್ಮ ತಂಡದ ಗೆಳತಿಯೊಬ್ಬಳು ವಿಗ್ರಹ ಮಾಡಿಸಲು ಅಲ್ಲಿಗೆ ಹೋಗಿದ್ದಳು. ಬಂದು ನನಗೆ ಫೋನ್ ಮಾಡಿದಳು. ಮೇಷ್ಟ್ರು ಕಾಯಿಲೆಯಾಗಿ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲೇ ಇದ್ದರು. ಚಳಿಗಾಲದಲ್ಲಿ ಭುಜದ ನೋವಿಗೆ ನರಳುತ್ತಿದ್ದರಂತೆ. ಅತ್ತಿಗೆ ನೀಲಗಿರಿ ಎಣ್ಣೆ ತಂದುಕೊಟ್ಟರೆ, "ಬೇಡ ಅತ್ತಿಗೆ, ಅದು ಜೀವ ತೆಗೆಯೋ ಎಣ್ಣೆ" ಅಂತ ದೂರ ಇಡುತ್ತಿದ್ದರಂತೆ. ಕೊನೆಯವರೆಗೂ ಮುಟ್ಟಲಿಲ್ಲವಂತೆ.

ಹೋದ ವಾರ ಬಸ್ಸಿಳಿದು ಮನೆಗೆ ಹೋದವಳೇ ಬ್ಯಾಗನ್ನೂ ಇಳಿಸದೆ ಅಪ್ಪನಿಗೆ ಹೇಳಿಬಿಟ್ಟೆ. ಅಂಚಿನ ಸಾಲಿನ ಸೊಪ್ಪು ಕೊಯ್ದದ್ದು ನಾನು, ಮೇಷ್ಟ್ರದ್ದೇನೂ ತಪ್ಪಿರಲಿಲ್ಲ ಅಂತ. ಅಪ್ಪ ಸಿಟ್ಟಾಗಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು, "ಬಾ" ಅಂದು ಕೆರೆಯ ಕಡೆ ನಡೆದರು.

ಈಗ ನಮ್ಮ ಕೆರೆ ತುಂಬಿದೆ. ಬೆಂಗಳೂರಿನಿಂದ ಪೈಪಿನಲ್ಲಿ ನೀರು ಬಂದು ನಾವು ಓಡಿದ ಜಾಗವೆಲ್ಲ ಮುಳುಗಿದೆ. ಏರಿಯ ಒಳಮೈಯಲ್ಲಿ ಏಳು ಕಲ್ಲುಗಳು ಮಾತ್ರ ಹಾಗೇ ಇವೆ, ಅಲುಗಾಡಿಲ್ಲ. ನೀರು ಅವುಗಳ ಬುಡದವರೆಗೆ ಬಂದು ನಿಂತಿದೆ. ಅಪ್ಪ ಒಂದರ ಮೇಲೆ ಕೂತರು. ಪಕ್ಕದ್ದರ ಮೇಲೆ ನಾನು ಕೂತೆ.

"ಹುಳು ಸತ್ತ ಆ ಶುಕ್ರವಾರ ಸಂಜೆ ನಾನು ತೋಟಕ್ಕೆ ಹೋಗಿದ್ದೆ ಕಣೇ" ಅಂದರು ಅಪ್ಪ. "ಅಂಚಿನ ಸಾಲು ಬೋಳಾಗಿತ್ತು. ನೋಡಿದೆ."

"ಮತ್ತೆ ಯಾಕಪ್ಪಾ ಹೇಳಲಿಲ್ಲ?"

"ಅಷ್ಟೊತ್ತಿಗೆ ಊರ ಮುಂದೆ ಅವರ ಹೆಸರು ಹೇಳಿ ಆಗಿತ್ತು. ನಿನ್ನ ಹೆಸರು ಬಾಯಿಗೆ ಬರಲಿಲ್ಲ." ಟವೆಲಿನಿಂದ ಮುಖ ಒರೆಸಿಕೊಂಡರು. "ಪಾಪ, ಕೈ ಮುಗಿದುಬಿಟ್ಟರಲ್ಲೇ ಆ ಮನುಷ್ಯ..."

ಹನ್ನೆರಡು ವರ್ಷ ಅಪ್ಪ ಮಗಳು ಇಬ್ಬರಿಗೂ ಗೊತ್ತಿತ್ತು. ಗೊತ್ತಾಗಬೇಕಾದವರಿಗೆ ಮಾತ್ರ ಗೊತ್ತಾಗಲಿಲ್ಲ. ಎದುರಿಗೆ ಬರೀ ನೀರು. ಮೇಷ್ಟ್ರು ಕಾದಿದ್ದ ಏಳು ಜನರಲ್ಲಿ ಒಬ್ಬರು, ನಮ್ಮಪ್ಪ, ಅವತ್ತು ಬಂದು ಅವರ ಗ್ಯಾಲರಿಯಲ್ಲಿ ಕತ್ತಲಾಗುವವರೆಗೂ ಕೂತಿದ್ದರು.