ಕೆಂಪಾಗದ ತಗಡು

ನನ್ನ ಗಂಡನ ಹೆಸರು ತೋಟಪ್ಪ. ಹೆಂಡತಿಯಾದಾಕಿ ಗಂಡನ ಹೆಸರು ಬರಿಬಾರದು ಅಂತಾರ. ಅವರು ಹೋಗಿ ವರ್ಷಾತು, ಇನ್ನ ಬರದ್ರ ಏನಾಗತೈತಿ? ನಾ ಕಲ್ತದ್ದು ಎರಡನೇ ಇಯತ್ತೆ. ತಿಳದಂಗ ಬರೀತೀನಿ.

ರೋಣದ ಬಜಾರದಾಗ ಅವರದು ಮೈಕಿನ ಅಂಗಡಿ. ಊರಿಗೆ ಕರೆಂಟ್ ಬಂದ ಮ್ಯಾಲೆ ರೇಡಿಯೋ ರಿಪೇರಿನೂ ಹಿಡದ್ರು. ಕೈ ಭಾಳ ಚಲೋ, ನೆನಪು ಚಲೋ ಇದ್ದಿಲ್ಲ. ಸ್ವಿಚ್ ಆರಸೂದು ಮರೀತಿದ್ರು. ಗಜೇಂದ್ರಗಡದಾಗ ಒಮ್ಮೆ ಹಂಗ ಮರತು ಕೈ ಹಾಕಿ ಎರಡು ಬಟ್ಟು ಜೋಮು ಹಿಡದುವು. ಆ ಜೋಮು ಹೋಗಲೇ ಇಲ್ಲ. ಅವತ್ತಿಂದ ನನ್ನ ಅಂಗಡ್ಯಾಗ ಕುಂಡ್ರಿಸಿಕೊಂಡ್ರು.

ನನ್ನ ಕೆಲಸ ಒಂದ. ರೇಡಿಯೋದ ಪೆಟಗಿ ಮಗ್ಗಲಾಗಿ ಇಟ್ರ ತಂತಿ ಅವರ ಕಡೆ, ಗಾಜಿನ ವಾಲ್ವ್ ನನ್ನ ಕಡೆ. ಕರೆಂಟಿದ್ರ ವಾಲ್ವಿನ ಹೊಟ್ಟಿ ಕೆಂಪಗಿರತೈತಿ. ಅವರು “ಹ್ಯಾಂಗೈತಿ?” ಅಂತ ಕೇಳೂದು, ನಾ “ಕೆಂಪೈತ್ರಿ” ಇಲ್ಲಾ “ಕರ್ರಗಾತ್ರಿ” ಅನ್ನೂದು. ಕರ್ರಗಾತು ಅಂದ ಮ್ಯಾಲೇ ಅವರು ಕೈ ಹಾಕೂದು. ಮೂರು ವರ್ಷ ಹಿಂಗ ನಡೀತು.

1958ರಾಗ ನಾಟಕ ಕಂಪನಿ ಮಾಲಕ ಮಲ್ಲೇಶಪ್ಪ ಒಂದು ಹಳೇ ಮೈಕ್ ತಂದ. ಮುಂಬೈದಾಗ ಹಾಡು ರೆಕಾರ್ಡ್ ಮಾಡೂ ಸ್ಟುಡಿಯೋದ್ದಂತ. ಅದಕ್ಕ ಕರೆಂಟ್ ಕೊಡೂ ಪೆಟಗಿನೂ ಜೋಡಿಗಿತ್ತು. ಪೆಟಗ್ಯಾಗಿನ ವಾಲ್ವ್ ಸುಟ್ಟಿತ್ತು. ಅಂಥಾದ್ದು ಎಲ್ಲೂ ಸಿಗಲಿಲ್ಲ. ನಮ್ಮವರು ಹುಬ್ಬಳ್ಳಿಂದ ಅದರ ಬದಲಿಗೆ ಹೊಸಾ ಸಾಮಾನು ತಂದ್ರು. ಚೌಕ ಚೌಕ ತಗಡು, ಒಂದು ಕಡ್ಡಿಗೆ ಪೋಣಿಸಿದ್ದು. ಗಾಜ ಇಲ್ಲ.

“ಇದು ಒಡ್ಯಾಂಗಿಲ್ಲ ನೋಡ,” ಅಂದ್ರು.

“ಕೆಂಪ ಆಗತೈತೇನ್ರಿ?”

“ಇಲ್ಲ.”

“ಹಂಗಾರ ನಾ ಏನ್ ನೋಡ್ಲಿ?”

“ನನ್ನ ಮಾರಿ ನೋಡ. ಮೂರು ವರ್ಷ ವಾಲ್ವ್ ನೋಡಿದಿ, ಗಂಡನ್ನ ನೋಡಲಿಲ್ಲ.” ನಕ್ರು. ಆಮ್ಯಾಲೆ, “ಗ್ವಾಡಿ ಮ್ಯಾಲಿನ ಸ್ವಿಚ್ ನೋಡ,” ಅಂದ್ರು.

ನನಗ ಆ ತಗಡು ಸೇರಲಿಲ್ಲ. ಕರೆಂಟ್ ಇದ್ರೂ ಅಷ್ಟ, ಇಲ್ಲಾಂದ್ರೂ ಅಷ್ಟ. ಬುಸ್ಸ್ ಅನ್ನದ ಹಾವು ಮನ್ಯಾಗ ಇಟಗೊಂಡಂಗ. ಎಂಟು ದಿನ ಸ್ವಿಚ್ ನೋಡಿ ನೋಡಿ ಹೇಳಿದೆ.

ಒಂಬತ್ತನೇ ದಿನ ಮಧ್ಯಾಹ್ನ ಮಲ್ಲೇಶಪ್ಪ ಬಂದ. ಮೈಕ್ ಗೊರ್ ಅಂತಿತ್ತು.

“ತೋಟಪ್ಪ, ಇವತ್ತ ಆಟ ಐತಿ. ನಮ್ಮ ನಾಯಕಿ ಹಾಡ್ಲೋ, ನಿನ್ನ ತಗಡು ಹಾಡ್ಲೋ?”

“ಇಬ್ಬರದೂ ದನಿ ಒಂದ ಐತಲ್ಲೋ,” ಅಂದ್ರು ನಮ್ಮವರು.

ಅವ ಬೈಕೋತ ಹೋದ. ನಾ ಇನ್ನೂ ನಗತಿದ್ದೆ. ಅವರು ಮೈಕ್ ಬಿಚ್ಚಿ ಆಕಡೆ ಇಟ್ಟು ಪೆಟಗಿ ಮಗ್ಗಲಾಗಿಸಿದ್ರು.

“ಹ್ಯಾಂಗೈತಿ?”

ನಾ ಪೆಟಗಿ ನೋಡಿದೆ. ಗ್ವಾಡಿ ನೋಡಲಿಲ್ಲ. “ಕರ್ರಗಾತ್ರಿ,” ಅಂದೆ.

ಕೈ ಹಾಕಿದ್ರು. ಪೆಟಗಿ ಅವರನ್ನ ಬಿಡಲಿಲ್ಲ. ನಾ ಓಡಿ ಸ್ವಿಚ್ ಆರಿಸೂದ್ರಾಗ ಮುಗದಿತ್ತು.

ಪೊಲೀಸ್ ಫೌಜದಾರ ಬರೂದಕ್ಕ ಮೊದಲ ಅತ್ತಿ ಮುದುಕವ್ವ ನನ್ನ ಒಳಗ ಎಳಕೊಂಡ್ಲು. ಮಗನ್ನ ಕಳಕೊಂಡಾಕಿ, ಕಣ್ಣಾಗ ನೀರಿಲ್ಲ. “ಬಾಳವ್ವ, ನಾ ಮನ್ಯಾಗ ರೊಟ್ಟಿ ಬಡೀತಿದ್ದೆ ಅಂತ ಹೇಳ. ಗಂಡನ್ನ ಕೊಂದಾಕಿ ಅಂದ್ರಂದ್ರ ಈ ಊರಾಗ ನಿನಗ ಹನಿ ನೀರು ಸಿಗಾಂಗಿಲ್ಲ.”

ಹೌದು ಅನಸ್ತು. ಫೌಜದಾರನ ಮುಂದ ನಿಂತಾಗ ಬಾಯಿಗೆ ಬ್ಯಾರೇನ ಬಂತು.

“ಕರೆಂಟ್ ಇಲ್ಲಾಂತ ಹೇಳಿದಾಕಿ ನಾನ್ರಿ.”

ಅವ ತಲಿ ಎತ್ತಿದ. “ನೀ ಯಾಕ ಹೇಳತಿದ್ದಿ?”

“ದಿನಾ ನಾನ ಹೇಳತಿದ್ದೆ. ಅದು ನನ್ನ ಕೆಲಸ್ರಿ.”

“ಮಷಿನ್ನಿಂದು ನಿನಗೇನ್ ತಿಳೀತೈತಿ ಬೇ? ದುಃಖದಾಗ ಏನೇನರ ಅನಬ್ಯಾಡ. ಒಳಗ ಹೋಗ.”

ಅತ್ತಿ ಉಸರು ಬಿಟ್ಟಿದ್ದು ನನಗ ಕೇಳಿಸ್ತು. ಮೃತನು ಒಬ್ಬನೇ ಕೆಲಸ ಮಾಡುತ್ತಿದ್ದನು ಅಂತ ಅವ ಪಂಚನಾಮಿ ಬರಕೊಂಡ. ಪಂಚರು ಸಹಿ ಮಾಡಿದ್ರು.

ಅದು ಸುಳ್ಳು. ಆ ಮೂರು ವರ್ಷದಾಗ ಅವರು ಒಬ್ಬರ ಎಂದೂ ಕೆಲಸ ಮಾಡಲಿಲ್ಲ.